ಹೆಂಚಿನ ಹಡಗಿಗೆ ದಾರಿ

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಪದ್ಮನಾಭನಗರದ ನಮ್ಮ ಮನೆಯ ಹಾಲ್. ಹಾಜರಿದ್ದವರು: ನಾನು, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದು ವೆಬ್‌ಸೈಟ್ ವಿನ್ಯಾಸದ ಕೆಲಸ ಮಾಡುವ ಹೆಣ್ಣುಮಗಳು, ವಸಂತಪುರದಿಂದ ಆಟೋದಲ್ಲಿ ಬಂದ, ಎಪ್ಪತ್ತು ದಾಟಿದ ಒಬ್ಬ ಮಹಿಳೆ.

ನಾನು ಹಡಗಿನ ರೇಡಿಯೋ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕರಾವಳಿಯಾಚೆ ಮುಳುಗಿದ ಹಳೆಯ ಹಡಗುಗಳ ವಿವರ ಕೂಡಿಸಿ ಒಂದು ವೆಬ್‌ಸೈಟ್ ನಡೆಸುತ್ತೇನೆ. ಬಂದರಿನ ದಾಖಲೆಗಳ ಕ್ರಮದಲ್ಲೇ ಅದನ್ನು ಜೋಡಿಸಿದ್ದೆ. ಮೊದಲು ಹಡಗಿನ ಹೆಸರು, ಅದರ ಒಳಗೆ ಮಿಕ್ಕಿದ್ದೆಲ್ಲ. ಹೆಸರು ಗೊತ್ತಿಲ್ಲದೆ ಹಡಗು ಹುಡುಕುವವರು ಇರುತ್ತಾರೆಂದು ನನಗೆ ತೋಚಿರಲಿಲ್ಲ.

ವಸಂತಪುರದಿಂದ ಬಂದಾಕೆಯ ತಂದೆ ಮಂಗಳೂರಿನಿಂದ ಹೆಂಚು ಸಾಗಿಸುತ್ತಿದ್ದ ಹಾಯಿಹಡಗಿನಲ್ಲಿ ಖಲಾಸಿಯಾಗಿದ್ದರು. ಈಕೆ ತೊಟ್ಟಿಲಲ್ಲಿದ್ದಾಗ ಹೊರಟವರು ಮರಳಲಿಲ್ಲ. ಎಲ್ಲಿ ಮುಳುಗಿದರೆಂದು ಯಾರಾದರೂ ಹೇಳುವ ತನಕ ಗಂಡನಿಗೆ ಎಡೆ ಇಡಬಾರದೆಂದು ತಾಯಿ ಹಟ ಹಿಡಿದಿದ್ದರು. ಆ ತಾಯಿ ಈ ವರ್ಷ ತೀರಿಕೊಂಡರು. ನಾಳೆ ಅವರಿಗೆ ಮೊದಲ ಎಡೆ. ಅದರ ಪಕ್ಕದಲ್ಲಿ ತಂದೆಗೂ ಇಡಬಹುದೇ ಎಂಬುದು ಆಕೆಯ ಪ್ರಶ್ನೆ.

"ಹಡಗಿನ ಹೆಸರು ಹೇಳಿ," ಎಂದೆ.

"ಹೆಸರು ಗೊತ್ತಿದ್ರೆ ಮೊಬೈಲಲ್ಲೇ ನೋಡ್ಕೊತಿದ್ದೆ ಸಾರ್. ಮನೇಲಿ ಹೆಂಚಿನ ಹಡಗು ಅಂತಿದ್ರು, ಅಷ್ಟೇ. ದೀಪಾವಳಿ ಮುಗಿಸ್ಕೊಂಡು ಹೋದ್ರಂತೆ. ತಂಡೇಲ ಗಂಗೊಳ್ಳಿಯವರಂತೆ."

ತಂಡೇಲನೆಂದರೆ ಹಾಯಿಹಡಗನ್ನು ನಡೆಸುವ ಮುಖ್ಯಸ್ಥ.

"ಅಂಕಲ್, ನಿಮ್ಮ ಸೈಟು ಥೇಟ್ ಸರ್ಕಾರಿ ಕಚೇರಿ," ಎಂದಳು ಮಹಡಿಯ ಹುಡುಗಿ. "ಫೈಲ್ ನಂಬರ್ ತಂದ್ರೆ ಮಾತ್ರ ಒಳಗೆ ಬಿಡ್ತೀರ. ಪ್ರತಿ ಪುಟದಲ್ಲೂ ಸರಕು ಅಂತ ಒಂದು ಸಾಲಿದೆಯಲ್ಲ? ಅದನ್ನ ಮೊದಲನೇ ಪುಟಕ್ಕೆ ತರೋಣ."

"ಕ್ರಮ ಕೆಡುತ್ತೆ."

"ಕೆಡ್ಲಿ ಬಿಡಿ ಅಂಕಲ್. ಇವ್ರು ಇನ್ನು ಯಾರನ್ನ ಕೇಳ್ಬೇಕು?"

ನಾನು ಎದ್ದು ಕಾಫಿ ಮಾಡಿದೆ. ಅಷ್ಟರಲ್ಲಿ ಅವಳು ಮೆನುವನ್ನು ಬಿಚ್ಚಿ ಮತ್ತೆ ಕಟ್ಟಿದ್ದಳು. ಅಕ್ಕಿ, ಉಪ್ಪು, ಮೆಣಸು, ಹೆಂಚು. ಹೆಂಚು ಒತ್ತಿದಾಗ ಹಡಗುಗಳು ಸಾಲಾಗಿ ಬಂದವು. ಆಕೆ ಕನ್ನಡಕ ಏರಿಸಿ ಒಂದೊಂದನ್ನೇ ಓದುತ್ತ ಹೋದರು. ನಡುವೆ ಒಂದು ಕಡೆ ಬೆರಳು ನಿಂತಿತು.

"ಇದು ನಮ್ಮಪ್ಪನ ಹೆಸರು."

ಹಡಗಿಗೂ ಆಕೆಯ ತಂದೆಗೂ ಒಂದೇ ದೇವರ ಹೆಸರು.

"ಅಯ್ಯೋ, ಅದಕ್ಕೇ! ಅಮ್ಮ ಗಂಡನ ಹೆಸರು ಬಾಯಲ್ಲಿ ತರ್ತಿರ್ಲಿಲ್ಲ ಸಾರ್. ರೇಷನ್ ಕಾರ್ಡ್ ಮಾಡಿಸುವಾಗ್ಲೂ ನಾನೇ ಹೇಳಿದ್ದು. ಹಡಗಿನ ಹೆಸರು ಇನ್ನೆಲ್ಲಿ ಹೇಳ್ತಾಳೆ?"

ಬರೀ ಹೆಸರು ಸಾಕ್ಷಿಯಾಗುವುದಿಲ್ಲ. ಆ ಹೆಸರಿನ ಹಡಗು ಕರಾವಳಿಯಲ್ಲಿ ಊರಿಗೊಂದಿತ್ತು. ನಾನು ಪುಟ ತೆರೆದು ಗಟ್ಟಿಯಾಗಿ ಓದಿದೆ. ಹೊರಟದ್ದು ಮಂಗಳೂರಿನಿಂದ, ಆಕೆ ತೊಟ್ಟಿಲಲ್ಲಿದ್ದ ವರ್ಷದ ನವೆಂಬರಿನಲ್ಲಿ. ತಂಡೇಲನ ಊರು ಗಂಗೊಳ್ಳಿ. ಕಾರವಾರದಾಚೆ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಯಾರೂ ಉಳಿಯಲಿಲ್ಲ.

ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ಇಂಥ ಸುದ್ದಿಯನ್ನು ಕೆಲಸದಲ್ಲಿ ಎಷ್ಟೋ ಸಲ ರೇಡಿಯೋದಲ್ಲಿ ಕೇಳಿ ಬರೆದುಕೊಂಡಿದ್ದೇನೆ. ಮನೆಯವರ ಎದುರು ಕೂತು ಓದಿದ್ದು ಇದೇ ಮೊದಲು.

"ಕಾರವಾರದ ಹತ್ರ," ಎಂದರು ಆಕೆ, ತಮಗೇ ಹೇಳಿಕೊಳ್ಳುವಂತೆ. "ಊರಿನ ಮನೆಗೆ ಅಷ್ಟೇನೂ ದೂರ ಇರ್ಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಬರ್ತೀನಿ ಸಾರ್. ಬಾಳೆ ಎಲೆ ಇನ್ನೊಂದು ತಗೋಬೇಕು."

ಆಟೋ ಹತ್ತಿಸಿ ಬಂದು ಮತ್ತೆ ಕೆಲಸಕ್ಕೆ ಕೂತೆವು. ಸರಕಿನ ಕೆಳಗೆ ಹೊರಟ ಬಂದರು, ಅದರ ಕೆಳಗೆ ತಂಡೇಲನ ಊರು ಸೇರಿಸಿದೆವು. ಹಡಗಿನ ಹೆಸರನ್ನು ಕೊನೆಗೆ ಇಳಿಸಲು ನಾನೇ ಹೇಳಿದೆ. ಊಟದ ಹೊತ್ತಿಗೆ ಅವಳು ಮಹಡಿಗೆ ಹೋದಳು. ನಾನು ಮೊದಲ ಪುಟದಿಂದ ಹೊರಟು ಒಂದೊಂದು ದಾರಿಯನ್ನೂ ಪರೀಕ್ಷಿಸಿದೆ. ಕೊನೆಗೆ ಉಳಿದದ್ದು ಉಪ್ಪಿನ ಹಡಗುಗಳ ದಾರಿ. ಅದೂ ತೆರೆಯಿತು. ಕಂಪ್ಯೂಟರ್ ಆರಿಸಿದೆ.