ಮುಚ್ಚದ ಹೋಟೆಲಿಗೆ ಬಿದ್ದ ಬೀಗ

ವೆಬ್‌ಸೈಟ್ ಅಂದರೆ ಮಿನುಗಬೇಕು, ಅಕ್ಷರಗಳು ಓಡಾಡಬೇಕು, ತೆರೆದ ಕೂಡಲೇ ಹಾಡಬೇಕು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ನಾನು ಆ ಕೆಲಸಕ್ಕೆ ಕೈಹಾಕಿದೆ. ವಾರವೆಲ್ಲ ಠಾಣೆ ಶಹರದ ಕಚೇರಿಯಲ್ಲಿ ಸಾಫ್ಟ್‌ವೇರ್ ಬರೆಯುವುದು, ಭಾನುವಾರ ಡೊಂಬಿವಲಿಯ ಮನೆಯಲ್ಲಿ ಕೂತು ಪರಿಚಯದವರಿಗೆ ವೆಬ್‌ಸೈಟ್ ಮಾಡಿಕೊಡುವುದು. ನನ್ನದು ಸ್ವಲ್ಪ ಹಟದ ಸ್ವಭಾವ. ಮಿನುಗುವ ಅಕ್ಷರ ಕೇಳಿದವರಿಗೆ, "ದೀಪಾವಳಿಗೆ ಸೀರಿಯಲ್ ಸೆಟ್ ಹಾಕಿಸಿಕೊಳ್ಳಿ, ನನ್ನ ಹತ್ತಿರ ಬರಬೇಡಿ" ಎನ್ನುತ್ತಿದ್ದೆ. ಪುಟ ಬೇಗ ತೆರೆಯಬೇಕು, ಬರೆದದ್ದು ನಿಜವಿರಬೇಕು, ಫೋಟೋ ಆ ಜಾಗದ್ದೇ ಆಗಿರಬೇಕು. ಇವಿಷ್ಟರಲ್ಲಿ ನಾನು ಯಾರ ಮಾತಿಗೂ ಬಗ್ಗುತ್ತಿರಲಿಲ್ಲ.

ಠಾಣೆಯ ವರ್ತಕ ನಗರದಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲಿತ್ತು. ಕಚೇರಿ ಬಿಟ್ಟ ಮೇಲೆ ನನ್ನ ಕಾಫಿ ಅಲ್ಲೇ. ಅವರಿಗೂ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಬೆಳಗಿನ ಬಿಸಿಲಿನಲ್ಲಿ, ಮೇಲೆ ಬೋರ್ಡು, ಕೆಳಗೆ ಬಾಗಿಲಲ್ಲಿ ನಗುತ್ತ ನಿಂತ ಮಾಲೀಕರ ತಾಯಿ, ಹೀಗೆ ನಾನೇ ಫೋಟೋ ತೆಗೆದೆ. ಅದಕ್ಕೆ ಹೋಟೆಲಿನ ಹೆಸರನ್ನೇ ಕೊಟ್ಟು ಅಚ್ಚುಕಟ್ಟಾಗಿ ನೆಟ್‌ಗೆ ಏರಿಸಿದೆ. ಕೆಲವು ತಿಂಗಳಲ್ಲೇ, ನೆಟ್‌ನಲ್ಲಿ ಆ ಹೆಸರು ಹುಡುಕಿದರೆ ಮೊದಲು ಬರುವುದು ನಮ್ಮ ಫೋಟೋ ಎಂಬಂತಾಯಿತು. ನನಗೆ ಒಳಗೊಳಗೇ ಹೆಮ್ಮೆ.

ನಮ್ಮವರು ಹೋಟೆಲಿಗೆ ದೇವರ ಹೆಸರಿಡುತ್ತಾರೆ. ಇರುವ ನಾಲ್ಕಾರು ದೇವರನ್ನೇ ಎಲ್ಲರೂ ಹಂಚಿಕೊಂಡಿರುವುದರಿಂದ ಠಾಣೆಯಿಂದ ಕಲ್ಯಾಣದವರೆಗೆ ಒಂದೇ ಹೆಸರಿನ ಹೋಟೆಲುಗಳು ಬೇಕಾದಷ್ಟು. ಒಂದಕ್ಕೊಂದು ಸಂಬಂಧವಿಲ್ಲ. ಕಲ್ಯಾಣದ ಆಚೆ ಅದೇ ಹೆಸರಿನ ಹೋಟೆಲೊಂದರ ಅಡುಗೆಮನೆ ಕೊಳಕಾಗಿದೆಯೆಂದು ಅಧಿಕಾರಿಗಳು ಬೀಗ ಜಡಿದರು. ಪತ್ರಿಕೆಯೊಂದರಲ್ಲಿ ಸುದ್ದಿ ಬರೆದ ಪುಣ್ಯಾತ್ಮನಿಗೆ ಫೋಟೋ ಬೇಕಿತ್ತು. ಹೆಸರು ಹುಡುಕಿದ, ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡ.

"ಎಂತ ಮಾರಾಯ್ರೆ ಇದು? ಅಮ್ಮನ ತಲೆ ಮೇಲೇ ಬೀಗ ಅಂತ ಬರ್ದಿದ್ದಾರಲ್ಲ!" ಎಂದು ಮಾಲೀಕರು ಪತ್ರಿಕೆಯಲ್ಲಿದ್ದ ತಾಯಿಯ ಫೋಟೋ ನನಗೆ ತೋರಿಸಿದರು.

ನಾನು ಪತ್ರಿಕೆಗೆ ಫೋನ್ ಮಾಡಿದೆ. "ಸರ್, ಫೋಟೋ ನೆಟ್ ಪೇ ಮಿಲಾ ಥಾ" ಎಂದ ಆ ಕಡೆಯವನು, ನೆಟ್ ಅಂದರೆ ಸಿಕ್ಕವರೆಲ್ಲ ಹಿಡಿದುಕೊಳ್ಳುವ ಬೀದಿ ನಲ್ಲಿಯ ನೀರು ಎಂಬಂತೆ. ಮೈಯೆಲ್ಲ ಉರಿಯಿತು. ಜಗಳವಾಡಿದ ಮೇಲೆ ಒಳಪುಟದ ಮೂಲೆಯಲ್ಲಿ ಸಣ್ಣ ತಿದ್ದುಪಡಿ ಹಾಕಿದರು. ನೆಟ್‌ನಲ್ಲಿದ್ದ ಸುದ್ದಿಯನ್ನು ಮಾತ್ರ ಮುಟ್ಟಲಿಲ್ಲ. ಪತ್ರಿಕೆಯ ಸುಳ್ಳಿನಲ್ಲಿ ಮರುದಿನ ವಡಾಪಾವ್ ಕಟ್ಟಿಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ನೆಟ್‌ನ ಸುಳ್ಳು ಹಳಸುವುದೇ ಇಲ್ಲ. ಸಾಫ್ಟ್‌ವೇರಿಗೆ ನಿಜ ಗೊತ್ತಿಲ್ಲ, ಜನ ಯಾವುದನ್ನು ಹೆಚ್ಚು ಒತ್ತುತ್ತಾರೋ ಅದಷ್ಟೇ ಗೊತ್ತು.

'ಆ ಹೋಟೆಲು ನಮ್ಮದಲ್ಲ' ಎಂದು ನಮ್ಮ ವೆಬ್‌ಸೈಟಿನಲ್ಲಿ ದೊಡ್ಡದಾಗಿ ಬರೆಯುವುದು ನನ್ನ ಯೋಚನೆ. ಮಾಲೀಕರು ಒಪ್ಪಲಿಲ್ಲ.

"ಫೋಟೋ ಇದ್ದದ್ದಕ್ಕೇ ಅಲ್ವಾ ಇಷ್ಟೆಲ್ಲ ಆದದ್ದು? ಎಲ್ಲ ತೆಗ್ದು ಬಿಡಿ ಸಾರ್."

"ತೆಗೆದರೆ ಅವರು ಬರೆದದ್ದೊಂದೇ ಉಳಿಯುತ್ತೆ" ಎಂದೆ.

"ಬೇಡ ಅಂದ್ರೆ ಬೇಡ. ಊಟಕ್ಕೆ ಬರುವ ಆಫೀಸಿನವರು ಅರ್ಧ ಕಮ್ಮಿ ಆಗಿದ್ದಾರೆ ಮಾರಾಯ್ರೆ. ನನ್ಗೆ ಇನ್ನು ಆ ನೆಟ್ಟಿನ ಸಹವಾಸ ಬೇಡ."

ಹೋಟೆಲು ಅವರದು, ಮುಖ ಅವರ ತಾಯಿಯದು. ತೆಗೆದುಹಾಕಿದೆ. ಅಷ್ಟು ಬೇಸರದಿಂದ ನಾನು ಬೇರಾವ ಕೆಲಸವನ್ನೂ ಮಾಡಿಲ್ಲ.

ಆದರೆ ಆ ತಾಯಿ ಸುಮ್ಮನೆ ಕೂರಲಿಲ್ಲ. ಗಿರಾಕಿಗಳದ್ದೆಲ್ಲ ಮುಗಿದ ಮೇಲೆ ಒಳಗೆ ಉಣ್ಣುವುದು ಆ ಮನೆಯವರ ಪದ್ಧತಿ. ಅವರು ಅದನ್ನು ಮುರಿದರು. ಊಟದ ಹೊತ್ತಿಗೆ ಸರಿಯಾಗಿ ಬಾಗಿಲ ಪಕ್ಕದ ಮೇಜಿಗೆ ಬಂದು, ಎಲ್ಲರಿಗೂ ಬಡಿಸುವ ಅನ್ನ ಸಾರನ್ನೇ ಬೀದಿಗೆ ಕಾಣುವಂತೆ ಕೂತು ಉಣ್ಣತೊಡಗಿದರು. ನೋಡಿದ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಹೋಟೆಲು ಉಳಿಯಿತು, ಇನ್ನು ಚಿಂತೆಯಿಲ್ಲ ಎಂದುಕೊಂಡೆ.

ಒಂದು ಶನಿವಾರ ಮಧ್ಯಾಹ್ನ ನಾನೂ ಅವರ ಎದುರಿಗೆ ಊಟಕ್ಕೆ ಕೂತಿದ್ದೆ. ಆ ಭಾಗಕ್ಕೆ ಹೊಸಬರಂತೆ ಕಂಡ ಗಂಡ ಹೆಂಡತಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ಏನೋ ಹುಡುಕಿದರು. ಪರದೆಯ ಮೇಲೆ ಬಂದದ್ದು ಆ ಹಳೆಯ ಬೀಗದ ಸುದ್ದಿ; ಅದರಲ್ಲಿದ್ದ, ನಾನು ತೆಗೆದ ಫೋಟೋದ ಗುರುತು ದೂರದಿಂದಲೇ ಸಿಕ್ಕಿತು.

"ಆವೋ ಬೇಟಾ, ಬೈಠೋ" ಎಂದು ತಾಯಿ ಕರೆದರು.

ಗಂಡ ಹೆಂಡತಿ ತಲೆಯೆತ್ತಿ ಆ ಮುಖ ನೋಡಿದರು, ಮತ್ತೆ ಫೋನ್ ನೋಡಿದರು. ಎರಡೂ ಒಂದೇ. ಅವರಿಗೆ ಅಷ್ಟು ಸಾಕಾಯಿತು. ತಿರುಗಿ ಹೊರಟುಹೋದರು.

"ಎಂತಕ್ಕೆ ಹೋದ್ರು ಅವ್ರು?" ಎಂದು ತಾಯಿ ನನ್ನನ್ನು ಕೇಳಿದರು.

"ಯಾರೋ ಫೋನ್ ಮಾಡಿ ಕರೆದರಂತೆ, ಅಮ್ಮ" ಎಂದೆ.