ನಾಲ್ಕನೇ ತಿರುವಿನ ಟಯರುಗಳು

ಸತ್ತವರು ಬಂದು ಏನಾದರೂ ಮಾಡುತ್ತಾರೆ ಎಂದು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವನು ನಾನು. ಕಾರ್ ರೇಸಿನಲ್ಲಿ ಸುರಕ್ಷತೆ ನೋಡಿಕೊಳ್ಳುವವನಿಗೆ ತನ್ನ ಕಣ್ಣು ಮತ್ತು ಅಳತೆಯ ಟೇಪು ಸಾಕು ಎಂದುಕೊಂಡಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಕಾರ್ಕಳದ ಹತ್ತಿರ ಮುರಕಲ್ಲಿನ ಬಯಲಿನಲ್ಲಿ ನಮ್ಮ ಕ್ಲಬ್ಬಿನ ಮಣ್ಣಿನ ಟ್ರ್ಯಾಕ್ ಇತ್ತು, ಹಿರಿಯರ ಕಾಲದ್ದು. ನಾಲ್ಕನೇ ತಿರುವಿನಿಂದ ಹತ್ತೇ ಹೆಜ್ಜೆ ಆಚೆಗೆ ಕಲ್ಲು ತೆಗೆದು ಬಿಟ್ಟ ಕೋರೆ, ಅದರ ತುಂಬ ನೀರು. ಹಿಂದೆ ಅಲ್ಲಿ ಸುಣ್ಣದ ಗೆರೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಗೆಳೆಯ ದಯಾನಂದ ಪ್ರತಿ ವರ್ಷ, “ಇಲ್ಲಿ ಎಂತಾದ್ರೂ ಅಡ್ಡ ಇಡಬೇಕು ಮಾರಾಯ” ಎನ್ನುತ್ತಿದ್ದ. ಪುಕ್ಕಲ ಎಂದು ನಾವು ಅವನ ಕಾಲೆಳೆಯುತ್ತಿದ್ದೆವು. ಕೊನೆಗೆ ಅವನ ಕಾರೇ ಆ ಕೋರೆಗೆ ಬಿತ್ತು. ಅವನು ಉಳಿಯಲಿಲ್ಲ. ಆಮೇಲೆ ನಮಗೆ ಬುದ್ಧಿ ಬಂದು ಪ್ರತಿ ರೇಸಿಗೂ ಅಲ್ಲಿ ಹಳೆಯ ಟಯರುಗಳನ್ನು ತಂದು ಪೇರಿಸಿ, ಮುಗಿದ ಮೇಲೆ ತೆಗೆಯತೊಡಗಿದೆವು.

ಕೆಲವು ವರ್ಷಗಳ ಹಿಂದೆ, ರೇಸಿನ ಹಿಂದಿನ ಸಂಜೆ, ಟಯರು ಸಾಲಲಿಲ್ಲ. ಉಡುಪಿಯ ಗ್ಯಾರೇಜಿನಿಂದ ತಂದದ್ದನ್ನೆಲ್ಲ ಜನ ನಿಲ್ಲುವ ಕಡೆ ಇಡಿಸಿದೆ. ದಯಾನಂದನ ನಂತರ ನಾಲ್ಕನೇ ತಿರುವಿನಲ್ಲಿ ಯಾರೂ ಜಾರಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಲ್ಲಿ ನಾನೇ ಸುಣ್ಣದ ಗೆರೆ ಎಳೆದು, ಎಲ್ಲ ಸರಿಯಿದೆ ಎಂಬ ಹಾಳೆಗೆ ಸಹಿ ಹಾಕಿದೆ. ಬೆಳಿಗ್ಗೆ ಒಂದು ಸುತ್ತು ನಡೆದು ನೋಡುವುದು ಕ್ರಮ. ಅದನ್ನೂ ಮಾಡಲಿಲ್ಲ.

ಹತ್ತು ಗಂಟೆಯ ಬಿಸಿಲಿನಲ್ಲಿ ಕಾಪುವಿನ ನೌಫಲ್ ಎಂಬ ಹುಡುಗನ ಕಾರು ಅದೇ ತಿರುವಿನಲ್ಲಿ ಹಿಡಿತ ತಪ್ಪಿತು. ದೂರದಲ್ಲಿ ಆರಂಭದ ಗೆರೆಯ ಬಳಿ ನಿಂತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ನೀರಿನ ಸದ್ದು ಕೇಳಿಸಲಿಲ್ಲ. ಓಡಿಹೋಗಿ ನೋಡಿದರೆ, ಎದೆಯೆತ್ತರ ಪೇರಿಸಿದ ಟಯರುಗಳಿಗೆ ಕಾರು ಮೂತಿ ಹೂತು ನಿಂತಿತ್ತು. ಹುಡುಗನಿಗೆ ಒಂದು ಗೀರೂ ಆಗಿರಲಿಲ್ಲ.

ಜನ ನಿಲ್ಲುವ ಕಡೆ ಇಡಿಸಿದ್ದ ಟಯರುಗಳಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ರಾತ್ರಿ ಯಾವ ಗಾಡಿಯೂ ಬಂದಿಲ್ಲ ಎಂದು ಕಾವಲಿನವನು ಹೇಳಿದ. ಉಳಿದವರೆಲ್ಲ, “ನೀವೇ ಅಲ್ವಾ ಇಡಿಸಿದ್ದು?” ಎಂದು ನನ್ನನ್ನೇ ಕೇಳಿದರು. ಅವು ದಯಾನಂದನ ಕಾಲದಲ್ಲಿ ಬರುತ್ತಿದ್ದ, ಈಗ ಎಲ್ಲೂ ಸಿಗದ ಸಪೂರ ಟಯರುಗಳು. ಮಳೆ ನಿಂತು ತಿಂಗಳುಗಳೇ ಆಗಿದ್ದರೂ ಒಳಗೆ ಪಾಚಿಗಟ್ಟಿದ ನೀರು, ಸೊಳ್ಳೆಮರಿ. ನಡುವೆ ಹುಲ್ಲು ಬೆಳೆದು ಒಣಗಿತ್ತು. ವರ್ಷಗಟ್ಟಲೆ ಅಲ್ಲೇ ಇದ್ದ ಹಾಗೆ. ಒಂದನ್ನು ಸರಿಸಿ ನೋಡಿದೆ. ಅಡಿಯಲ್ಲಿ ನಾನು ಹಿಂದಿನ ಸಂಜೆ ಎಳೆದ ಸುಣ್ಣದ ಗೆರೆ ಬೆಳ್ಳಗೆ ಹಾಗೇ ಇತ್ತು. ನಾನು ಅಲ್ಲೇ ಕುಳಿತುಬಿಟ್ಟೆ.

ಮರುದಿನ ನೌಫಲ್‌ನ ತಾಯಿ ನಮ್ಮ ಮನೆಗೆ ಬಂದರು. “ಅಣ್ಣಾ, ನೀವು ಅಲ್ಲಿ ಟಯರ್ ಇಟ್ಟದ್ದಕ್ಕೆ ನನ್ನ ಮಗ ಇದ್ದಾನೆ” ಎಂದು ಕಣ್ಣೊರೆಸಿಕೊಂಡರು. ನನಗೆ ನಾಚಿಕೆಯಾಯಿತು. ಆದರೂ ಹೌದೆನ್ನುವಂತೆ ತಲೆಯಾಡಿಸಿದೆ.

ಈಗಲೂ ಪ್ರತಿ ಹಬ್ಬಕ್ಕೆ ಆ ಮನೆಯಿಂದ ಬಿರಿಯಾನಿ ಬರುತ್ತದೆ. ಪಾತ್ರೆ ಹಿಂದಿರುಗಿಸುವಾಗಲೆಲ್ಲ, ಇಟ್ಟವನು ನಾನಲ್ಲಮ್ಮ ಎಂದು ಹೇಳಿಬಿಡೋಣ ಅನ್ನಿಸುತ್ತದೆ. ಹಾಗಾದರೆ ಯಾರು ಎಂದು ಆಕೆ ಕೇಳಿದರೆ ಏನು ಹೇಳಲಿ?