ಐದನೇ ಹಾಳೆಯ ಹೊಲಿಗೆ

ಆಸ್ಪತ್ರೆ ಲಾಂಡ್ರಿಯ ಗುತ್ತಿಗೆದಾರ ಇಸ್ತ್ರಿಯಕ್ಕನಿಗೆ ಏಳು ವಾರದ ಕೂಲಿ ಕೊಡಬೇಕು. ಇವತ್ತಿಗೂ ಕೊಟ್ಟಿಲ್ಲ. ಅವಳೊಬ್ಬಳಿಗಲ್ಲ, ಅಲ್ಲಿ ದುಡಿದ ನಲವತ್ತಮೂರು ಹೆಂಗಸರಿಗೂ ಕೊಡಬೇಕು. ಲಾಂಡ್ರಿ ಮುಚ್ಚಿದ ದಿನ ಗುತ್ತಿಗೆದಾರನ ಕಡೆಯವರು ಅಂಗಳದಲ್ಲಿ ಮೇಜು ಹಾಕಿಸಿ ಒಬ್ಬ ವಕೀಲನನ್ನು ಕೂರಿಸಿದ್ದರು. "ನಿಮಗ್ಯಾಕಮ್ಮ ಬೇರೆ ವಕೀಲರು? ಎರಡೂ ಕಡೆದು ನಾನೇ ನೋಡ್ಕೋತೀನಿ" ಅಂದ. ಎಲ್ಲರೂ ಸಾಲಾಗಿ ನಿಂತು ಸಹಿ ಹಾಕಿದರು. ಬಾಕಿಯೆಲ್ಲ ಸಂದಿದೆ ಎಂದು ಆ ಕಾಗದದಲ್ಲಿ ಬರೆದಿತ್ತು. ಆಮೇಲೆ ಹನ್ನೊಂದು ದಿನ ಗೇಟಿನ ಮುಂದೆ ಕೂತು ಕೂಗಿದರು. ಗಂಟಲು ಕಟ್ಟಿತು, ಕೂಲಿ ಬರಲಿಲ್ಲ.

ಇಸ್ತ್ರಿಯಕ್ಕ ಆ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಚಾದರ ಇಸ್ತ್ರಿ ಮಾಡಿದವಳು. ಎಡ ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಮುಟ್ಟಿದ ಗುರುತು ಮೂರಿವೆ. ಕೊನೆಯ ಒಂಬತ್ತು ವರ್ಷ ಇಸ್ತ್ರಿಕೋಣೆಗೆ ಅವಳೇ ಹಿರಿಯಾಳು. ಅಲ್ಲಿ ಅವಳದೊಂದು ಕಟ್ಟಳೆ ಇತ್ತು: ಒಗೆದವಳು ತನ್ನ ಮೂಟೆಯನ್ನು ತಾನೇ ಎಣಿಸಿ ಬರೆಸುವಂತಿಲ್ಲ, ಎಣಿಸಲು ಬೇರೆಯವಳು ಬರಬೇಕು. ಇನ್ನೊಂದು ಕಿತಾಪತಿಯೂ ಇತ್ತು. ಕೆಲವರು ಚಾದರವನ್ನು ಬಿಡಿಸದೆ ಮಡಿಕೆಯಲ್ಲೇ ನೀರಿಗದ್ದಿ ತೆಗೆಯುತ್ತಿದ್ದರು. ಅದಕ್ಕೆ ಇವಳು ಒಗೆಯಲು ಹೋಗುವ ಮೂಟೆಯಲ್ಲಿ ಅಲ್ಲೊಂದು ಇಲ್ಲೊಂದು ಚಾದರದ ಒಳಮಡಿಕೆಗೆ ಬಿಳಿ ದಾರದ ಒಂದೇ ಹೊಲಿಗೆ ಹಾಕಿ ಕಳಿಸುತ್ತಿದ್ದಳು. ಹೊಲಿಗೆ ಹಾಗೇ ವಾಪಸು ಬಂದರೆ ಒಗೆದವಳಿಗೆ ಗ್ರಹಚಾರ ಬಿಡಿಸುತ್ತಿದ್ದಳು.

ಲಾಂಡ್ರಿ ಮುಚ್ಚಿದ ಮರುವರ್ಷ, ಕೂಡಿಟ್ಟಿದ್ದನ್ನೆಲ್ಲ ಒಟ್ಟು ಮಾಡಿ ಒಂದು ಮನೆ ನೋಡಿದಳು. ಬೀದಿಯ ಕೊನೆಯಲ್ಲಿ ಎರಡು ಕೋಣೆ, ಅಡುಗೆಮನೆ, ಹಿಂದೆ ಬೀಗ ಹಾಕಿದ ಇನ್ನೊಂದು ಕೋಣೆ. ಅವಳಿಗೆ ಬೇಕಾಗಿದ್ದೇ ಆ ಹಿಂದಿನ ಕೋಣೆ. ಇಸ್ತ್ರಿಮೇಜು ಹಾಕಿಕೊಂಡು ಮನೆಯಲ್ಲೇ ದುಡಿಯುವ ಎಣಿಕೆ. ಈ ದುಡ್ಡು ಕೈಬಿಟ್ಟರೆ ಐವತ್ತನಾಲ್ಕರ ವಯಸ್ಸಿನಲ್ಲಿ ಮತ್ತೊಮ್ಮೆ ಕೂಡಿಡುವ ಮಾತಿಲ್ಲ.

"ಒಳಗೆ ಹಳೇ ಸಾಮಾನು ಅಷ್ಟೇ ಅಮ್ಮ, ಬೀಗದಕೈ ಎಲ್ಲೋ ಕಳೆದುಹೋಗಿದೆ" ಅಂದ ದಲ್ಲಾಳಿ. "ವಕೀಲರೂ ನಮ್ಮವರೇ ಇದ್ದಾರೆ. ಫೀಸು ಮಾರೋರೇ ಕೊಡ್ತಾರೆ, ನಿಮಗೆ ನಯಾಪೈಸೆ ಖರ್ಚಿಲ್ಲ."

ಬಸ್ಸು ಓಡಿಸುವ ತಮ್ಮ ಜೊತೆಗಿದ್ದ. ದಾರಿಯುದ್ದಕ್ಕೂ ಅವನದು ಒಂದೇ ರಾಗ. "ಪುಕ್ಕಟೆ ಸಿಕ್ಕಿದ್ದಕ್ಕೂ ಮೂಗು ಮುರೀತೀಯಲ್ಲಕ್ಕ!"

"ಪುಕ್ಕಟೆ ಅಂತಲೇ ಕಣೋ. ಅಂಗಳದಲ್ಲಿ ಕೂತಿದ್ದೋನೂ ಪುಕ್ಕಟೆನೇ."

ದಲ್ಲಾಳಿ ಕೊಟ್ಟ ಮನೆಪತ್ರದ ಇಪ್ಪತ್ತೆರಡು ಹಾಳೆಯ ಕಟ್ಟಿಗೆ ಮೂರು ನಕಲು ಮಾಡಿಸಿದಳು. ಮನೆಗೆ ಬಂದು ಸೂಜಿ ತೆಗೆದು ಕೂತಳು. ಪ್ರತಿ ನಕಲಿನಲ್ಲೂ ಐದನೇ ಹಾಳೆಯ ಕೆಳಮೂಲೆಯನ್ನು ಆರಕ್ಕೆ, ಹತ್ತೊಂಬತ್ತನ್ನು ಇಪ್ಪತ್ತಕ್ಕೆ ಸೇರಿಸಿ ಒಂದೊಂದೇ ಹೊಲಿಗೆ. ದಾರ ಕೀಳದೆ ಆ ಹಾಳೆ ಮಗುಚಲು ಬರುವುದಿಲ್ಲ.

"ಅಲ್ಲಕ್ಕ, ನೀನು ವಕೀಲರನ್ನ ಹುಡುಕ್ತಿದ್ದೀಯೋ, ಪತ್ರಕ್ಕೆ ತೇಪೆ ಹಾಕ್ತಿದ್ದೀಯೋ?"

"ನೀನು ಬಸ್ಸು ಹೊರಡಿಸೋ ಮುಂಚೆ ಬ್ರೇಕು ಒತ್ತಿ ನೋಡಲ್ವಾ? ಸುಮ್ಮನಿರು."

ದಲ್ಲಾಳಿಯ ವಕೀಲನಿಗೆ ಬೆಳಿಗ್ಗೆ ಕೊಟ್ಟ ನಕಲು ಮಧ್ಯಾಹ್ನಕ್ಕೆ ಕೈಸೇರಿತು. "ಎಲ್ಲ ಸರಿಯಾಗಿದೆ, ಕಣ್ಣು ಮುಚ್ಚಿ ತಗೊಳ್ಳಿ" ಅಂದ. ಬಸ್‌ಸ್ಟಾಪಿನಲ್ಲಿ ಬಿಡಿಸಿ ನೋಡಿದಳು. ಎರಡೂ ಹೊಲಿಗೆ ಹಾಕಿದ ಹಾಗೇ ಇದ್ದವು.

"ಪುಣ್ಯಾತ್ಮ, ಓದಿದ್ದೂ ಕಣ್ಣು ಮುಚ್ಕೊಂಡೇ" ಅಂದಳು.

ಎರಡನೆಯವರು ತಮ್ಮನ ಮೇಲಧಿಕಾರಿ ಹೇಳಿದ ದೊಡ್ಡ ವಕೀಲರು. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಬೆನ್ನಿಗೆ ಚಿನ್ನದ ಅಕ್ಷರದ ಪುಸ್ತಕಗಳ ಸಾಲು. ಅಲ್ಲಿಂದ ಬಂದ ನಕಲಿನಲ್ಲಿ ಐದನೇ ಹಾಳೆಯ ಹೊಲಿಗೆ ಕಿತ್ತಿತ್ತು, ಹತ್ತೊಂಬತ್ತರದು ಭದ್ರವಾಗಿತ್ತು. ಮನೆಯ ಬೆಲೆ ಬರೆದಿದ್ದು ಏಳನೇ ಹಾಳೆಯಲ್ಲಿ. ಅವರ ಫೀಸು ಆ ಬೆಲೆಗೆ ನೂರಕ್ಕಿಷ್ಟು ಎಂಬ ಲೆಕ್ಕ.

"ಅಂಥ ದೊಡ್ಡೋರನ್ನ ದಾರ ಹಾಕಿ ಪರೀಕ್ಷೆ ಮಾಡೋದಾ? ಮರ್ಯಾದೆ ಹೋಗುತ್ತಕ್ಕ."

"ಯಾರದ್ದೋ?"



ಉಳಿದವಳು ಸೈಕಲ್ ಅಂಗಡಿಯ ಮಹಡಿಯ ಮೇಲೆ ಕೂರುವ ವಕೀಲೆ. ಗೇಟಿನ ಮುಂದೆ ಕೂತ ದಿನಗಳಲ್ಲಿ ಹೆಂಗಸರೆಲ್ಲ ಅವಳ ಹತ್ತಿರ ಹೋಗಿದ್ದರು. "ಸಹಿ ಹಾಕೋ ಮುಂಚೆ ಬರಬೇಕಿತ್ತು. ಈಗ ಕೇಸು ಹಾಕ್ತೀನಿ, ವರ್ಷಗಟ್ಟಲೆ ಎಳೆಯುತ್ತೆ" ಎಂದು ಮುಖಕ್ಕೆ ಹೇಳಿದ್ದಳು. ಆ ಮಾತಿಗೆ ಇಸ್ತ್ರಿಯಕ್ಕ ಅವಳ ಮೇಲೆ ಹಲ್ಲು ಕಡಿದಿದ್ದಳು. ಈಗ ಮೆಟ್ಟಿಲು ಹತ್ತುವಾಗಲೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಈ ಸಲ ಮುಂಚೆ ಬಂದಿದ್ದೀರಿ" ಎಂದಳು ವಕೀಲೆ. ಫೀಸು ಇಷ್ಟು ಎಂದಳು, ಚೌಕಾಸಿಗೆ ಬಗ್ಗಲಿಲ್ಲ. ನಾಲ್ಕು ದಿನ ಬೇಕೆಂದಳು.

ಐದನೇ ದಿನ ಹೋದಾಗ ಪತ್ರದ ತುಂಬ ಚೀಟಿ ಸಿಕ್ಕಿಸಿತ್ತು. ಮೇಲಿನ ಹಾಳೆಗೆ ದಾರದ ಎರಡು ತುಂಡು ಅಂಟಿಸಿ ಪಕ್ಕದಲ್ಲಿ ಬರೆದಿದ್ದಳು: "ಬಿಳಿ ದಾರ, ಎರಡು. ದಾಖಲೆಗೆ ಸೇರಿದ್ದಲ್ಲ."

"ನಿಮ್ಮದಾ?"

"ಹೌದು ಮೇಡಂ."

"ನಕಲು ಅಂತ ಸುಮ್ಮನಿದ್ದೀನಿ. ಮೂಲಪತ್ರಕ್ಕೆ ಸೂಜಿ ಚುಚ್ಚಿದ್ರೆ ಮೆಟ್ಟಿಲಿಳಿಸ್ತಿದ್ದೆ." ಇಪ್ಪತ್ತನೇ ಹಾಳೆ ತೆರೆದಳು. "ಇದು ಮಾರೋರ ತಂದೆ ಬರೆದಿಟ್ಟ ಉಯಿಲು. ಮನೆ ಮಗನಿಗೆ. ಆದರೆ ಹಿಂದಿನ ಕೋಣೆಯಲ್ಲಿ ಮಗಳು ಬದುಕಿರೋ ತನಕ ವಾಸ ಮಾಡಬಹುದು. ಈ ಹಾಳೆ ನೋಡದೆ ಕೊಂಡಿದ್ರೆ, ನಾಳೆ ಆಯಮ್ಮ ಟ್ರಂಕು ಹಿಡ್ಕೊಂಡು ಬಂದ್ರೆ ನೀವು ಬಾಗಿಲು ತೆಗೀಬೇಕಿತ್ತು."

ಇಸ್ತ್ರಿಯಕ್ಕನಿಗೆ ಕಳೆದುಹೋದ ಬೀಗದಕೈ ನೆನಪಾಯಿತು. ದಲ್ಲಾಳಿಯ ಹಲ್ಲುಗಿಂಜುವ ಮುಖವೂ ನೆನಪಾಯಿತು. ಆದರೂ ಮನೆ ಬಿಡಲು ಮನಸ್ಸು ಬರಲಿಲ್ಲ.

"ಹಾಗಿದ್ರೆ ಆ ಮಗಳನ್ನ ಕರೆಸಿ ಹಕ್ಕು ಬಿಟ್ಟೆ ಅಂತ ಒಂದು ಸಹಿ ಹಾಕಿಸ್ಕೊಂಬಿಡಿ ಮೇಡಂ. ಅವರಿಗ್ಯಾಕೆ ಬೇರೆ ವಕೀಲರು? ಎರಡೂ ಕಡೆದು ನೀವೇ ನೋಡಿ."

ವಕೀಲೆ ಕನ್ನಡಕದ ಮೇಲಿಂದ ನೋಡಿದಳು. "ಅಂಗಳದಲ್ಲಿ ಮೇಜು ಹಾಕಿಸ್ಲಾ?"

ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಪಂಪಿನ ಸದ್ದು ನಿಂತ ಮೇಲೆ ಇಸ್ತ್ರಿಯಕ್ಕ ಕೇಳಿದಳು: "ಆಯಮ್ಮ ಎಲ್ಲಿದ್ದಾರೆ?"

ಮಾರುವವನ ತಂಗಿ ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಬಾಡಿಗೆ ಕೋಣೆಯಲ್ಲಿದ್ದಳು. ಅಪ್ಪ ತನ್ನ ಹೆಸರಿಗೆ ಕೋಣೆ ಬರೆದ ಸುದ್ದಿಯೇ ಅವಳ ಕಿವಿಗೆ ಬಿದ್ದಿರಲಿಲ್ಲ. ಅವಳು ಬೇರೆ ವಕೀಲರನ್ನು ಹಿಡಿದಳು, ಅಣ್ಣನಿಗೆ ಬೆವರಿಳಿಸಿದಳು, ಮನೆಯ ಬೆಲೆಯಲ್ಲಿ ಐದರಲ್ಲೊಂದು ಪಾಲು ಕಿತ್ತುಕೊಂಡಳು. ಆಮೇಲೇ ಹಕ್ಕು ಬಿಟ್ಟು ಸಹಿ ಹಾಕಿದಳು. ಎಲ್ಲ ಮುಗಿಯಲು ಹನ್ನೊಂದು ವಾರ ಹಿಡಿಯಿತು. ದಲ್ಲಾಳಿ ಈಗ ಇಸ್ತ್ರಿಯಕ್ಕನನ್ನು ಕಂಡರೆ ರಸ್ತೆ ದಾಟುತ್ತಾನೆ.

ಹಿಂದಿನ ಕೋಣೆಯ ಕಿಟಕಿಗೆ ತಾಗಿ ಇಸ್ತ್ರಿಮೇಜು ನಿಂತಿದೆ. ತಮ್ಮನ ಸಮವಸ್ತ್ರಕ್ಕೂ ಅಲ್ಲಿ ಕಾಸು ಕೊಡಬೇಕು. ಏಳು ವಾರದ ಕೂಲಿ ಇನ್ನೂ ಕೋರ್ಟಿನಲ್ಲಿದೆ.

ಈಗ ನೀವು ಎದ್ದು ನಿಮ್ಮ ಮನೆಯ ಪತ್ರ ಹೊರಗೆ ತೆಗೆಯಿರಿ. ಅದನ್ನು ಓದಿದ ವಕೀಲರಿಗೆ ದುಡ್ಡು ಕೊಟ್ಟವರು ಯಾರು? ನೀವಲ್ಲವಾದರೆ ಅದನ್ನು ಇನ್ನೂ ಯಾರೂ ನಿಮಗಾಗಿ ಓದಿಲ್ಲ. ಇವತ್ತೇ ಓದಿಸಿ.